ಫಾಟಕಕ್ಕೆ ನಿಂತ ಬಣ್ಣ

ನಾನು ಬಿ.ಎ. ಆಗುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಹೇಳಿದವನು ನನ್ನ ಸ್ವಂತ ಸೋದರಮಾವ. ಬೆನ್ನ ಹಿಂದೆ ಆಡಿದ್ದಲ್ಲ, ಎದುರಿಗೇ ಹೇಳಿದ. ಮಸ್ಕಿಯ ತನ್ನ ಮನೆಯ ಮುಂದೆ ನಿಂತು, ನನ್ನ ಅಪ್ಪ ಅವ್ವ ಕೇಳುವಂತೆ, ದಾರಿಯಲ್ಲಿ ಹೋಗುವವರೂ ನಿಂತು ಕೇಳುವಂತೆ ಹೇಳಿದ. ಹೇಳುವಾಗ ಅವನ ಒಂದು ಕೈ ತನ್ನ ಕಬ್ಬಿಣದ ಫಾಟಕದ ಮೇಲಿತ್ತು. ಮಾತು ಮುಗಿಸಿ ಕೈ ತೆಗೆದಾಗ ಅಂಗೈ ತುಂಬ ತುಕ್ಕು.

"ನೋಡು," ಎಂದು ಆ ಅಂಗೈಯನ್ನು ನನ್ನ ಮುಖದ ಮುಂದೆ ಹಿಡಿದ. "ಇದಕ್ಕ ಎಷ್ಟ ಸಲ ಬಣ್ಣ ಹಚ್ಚಿಸೀನಿ, ನಿಂತೈತೇನು? ಹಚ್ಚಿದ ದಿನ ಮದಿಮಗನ್ಹಂಗ ಹೊಳಿತೈತಿ. ಒಂದ್ ಮಳಿ ಬಿತ್ತಂದ್ರ ಇಳದು ಹೋಗತೈತಿ. ನಮ್ಮ ಮನಿತನದವ್ರ ತಲಿಗೆ ವಿದ್ಯಾನೂ ಹಂಗ, ಅಳಿಯಾ. ಕಬ್ಬಿಣಕ್ಕ ಬಣ್ಣ ನಿಲ್ಲಂಗಿಲ್ಲ, ನಮ್ಮ ತಲಿಗೆ ವಿದ್ಯಾ ನಿಲ್ಲಂಗಿಲ್ಲ."

ನಾನು ಆಗಷ್ಟೇ ಮೆಟ್ರಿಕ್ ಪಾಸಾಗಿ ಬಂದಿದ್ದೆ. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಯಾರೂ ಯಾವುದನ್ನೂ ಪಾಸಾಗಿರಲಿಲ್ಲ. ಲಿಂಗಸುಗೂರಿನ ಶಾಲೆಯಲ್ಲಿ ಎಲ್ಲ ಪಾಠವೂ ಉರ್ದುವಿನಲ್ಲಿ. ಮನೆಯಲ್ಲಿ ಅವ್ವನ ಕನ್ನಡ, ಶಾಲೆಯಲ್ಲಿ ಮಾಸ್ತರರ ಉರ್ದು, ಗಣಿತ ಮಾತ್ರ ನನಗೆ ಯಾವ ಭಾಷೆಯಲ್ಲಿಯೂ ಬರುತ್ತಿರಲಿಲ್ಲ. ಆದರೂ ಪಾಸಾದೆ. ಇನ್ನು ಹೈದರಾಬಾದಿಗೆ ಹೋಗಿ ಕಾಲೇಜು ಸೇರಬೇಕು. ಅಲ್ಲಿನ ವಸತಿಗೃಹದಲ್ಲಿ ಜಾಗ ಸಿಗಬೇಕಾದರೆ ಜಮೀನು ಇದ್ದವನೊಬ್ಬ ಹುಡುಗನ ನಡತೆಗೆ ಜಾಮೀನು ನಿಲ್ಲಬೇಕಿತ್ತು. ಅಪ್ಪನ ಹೆಸರಿಗೆ ಒಂದು ಗೇಣು ಹೊಲವಿಲ್ಲ. ನಾವೆಲ್ಲ ಮಾವನ ಮನೆಯಲ್ಲೇ ಇದ್ದೆವು, ಅಪ್ಪ ಮಾವನ ಹೊಲ ಮಾಡುತ್ತಿದ್ದ, ಮಾವನ ಬಂಡಿ ಹೊಡೆಯುತ್ತಿದ್ದ. ಅಂದಮೇಲೆ ಇಡೀ ಬಳಗದಲ್ಲಿ ಜಾಮೀನು ಕೊಡಬಲ್ಲವನು ಈ ಮಾವ ಒಬ್ಬನೇ. ಅವನು ಒಲ್ಲೆ ಎಂದರೆ ನಾನು ಮೆಟ್ರಿಕ್ ಪಾಸಾದ ಬಂಡಿ ಹೊಡೆಯುವವನಾಗುತ್ತಿದ್ದೆ.

ಆ ಫಾಟಕದ ಕಥೆ ಹೇಳದಿದ್ದರೆ ಮಾವನ ಮಾತಿನ ತೂಕ ತಿಳಿಯುವುದಿಲ್ಲ. ಲಿಂಗಸುಗೂರಿನ ಛಾವಣಿಯಲ್ಲಿ, ಅಂದರೆ ದಂಡು ಬೀಡುಬಿಟ್ಟಿದ್ದ ಜಾಗದಲ್ಲಿ, ಹಿಂದೆ ಪಲ್ಟನ್ನಿನ ದೊರೆಗಳ ಬಂಗಲೆಗಳಿದ್ದವು. ದೊರೆಗಳು ಹೋದರು, ಬಂಗಲೆಗಳಲ್ಲಿ ಆಡು ಕಟ್ಟುವ ಕಾಲ ಬಂತು. ಒಂದು ಬಂಗಲೆಯ ಸಾಮಾನು ಹರಾಜಿಗೆ ಬಿದ್ದಾಗ ಉಳಿದವರು ತೊಲೆ, ಕಿಟಕಿ, ಕುರ್ಚಿ ಎಂದು ಉಪಯೋಗಕ್ಕೆ ಬರುವುದನ್ನು ಹೊತ್ತು ತಂದರು. ನನ್ನ ಮಾವ ಫಾಟಕ ತಂದ. ಎರಡು ಕದದ, ಆಳೆತ್ತರದ, ತಲೆಯ ಮೇಲೆ ಭರ್ಜಿಯಂಥ ಮೊನೆಗಳಿದ್ದ ಕಬ್ಬಿಣದ ಫಾಟಕ. ಅಪ್ಪ ಅದನ್ನು ಬಂಡಿಯಲ್ಲಿ ಹೇರಿಕೊಂಡು ಬರುವಾಗ ದಾರಿಯ ಹಳ್ಳಿಗಳಲ್ಲೆಲ್ಲ ಒಂದೇ ಪ್ರಶ್ನೆ: "ಮಸ್ಕ್ಯಾಗ ಜೇಲು ಕಟ್ಟಸ್ತಾರೇನ್ರೀ?"

ಫಾಟಕಕ್ಕೆ ಗೋಡೆಯೂ ಬೇಕಾಗುತ್ತದೆ ಎಂಬುದು ಮಾವನಿಗೆ ಹೊಳೆದದ್ದು ಆಮೇಲೆ. ಎರಡು ಕಲ್ಲುಕಂಬ ನೆಟ್ಟು ಫಾಟಕ ತೂಗುಹಾಕಿದ. ಆಚೆ ಈಚೆ ಮೊದಲಿದ್ದ ಜಾಲಿಮುಳ್ಳಿನ ಬೇಲಿಯೇ ಉಳಿಯಿತು. ಆ ಬೇಲಿಯಲ್ಲಿ ಎಮ್ಮೆ ದಾಟುವಷ್ಟು ದೊಡ್ಡ ಕಂಡಿ. ಎಮ್ಮೆ, ನಾಯಿ, ನಾವು, ಎಲ್ಲರೂ ಕಂಡಿಯಿಂದಲೇ ಓಡಾಡುತ್ತಿದ್ದೆವು. ಬೀಗರು ಬಂದರೆ ಮಾತ್ರ ಮಾವ ಓಡಿಬಂದು, ಕಂಡಿಯಲ್ಲಿ ಅರ್ಧ ನುಗ್ಗಿದವರನ್ನು ಹಿಂದೆ ಕಳಿಸಿ, "ಹಿಂಗ್ ಬರ್ರಿ, ಫಾಟಕದಾಗಿಂದ ಬರ್ರಿ" ಎಂದು ಕಿರುಗುಟ್ಟುವ ಕದ ತೆಗೆಯುತ್ತಿದ್ದ.

ಇಂಥ ಫಾಟಕಕ್ಕೆ ತುಕ್ಕು ಹಿಡಿದರೆ ಮಾವನ ಮುಖಕ್ಕೇ ಹಿಡಿದಂತೆ. ಮೊದಲ ವರ್ಷ ಸುಣ್ಣ ಬಳಿಸಿದ. ಬಿಸಿಲಿಗೆ ಅದು ಹಪ್ಪಳದಂತೆ ಎದ್ದು ಬಂತು, ಕೋಳಿಗಳು ಬಂದು ಹೆಕ್ಕಿಕೊಂಡು ಹೋದವು. ಮರುವರ್ಷ ಕೆಮ್ಮಣ್ಣು. ಮೊದಲ ಮಳೆಗೇ ಅದು ಕರಗಿ ಓಣಿಯುದ್ದಕ್ಕೂ ಕೆಂಪು ನೀರು ಹರಿಯಿತು, ಮಾವನ ಮನೆಯಲ್ಲಿ ಹೊಡೆದಾಟವಾಗಿದೆ ಎಂದು ಹಿರಿಯರು ಬಡಿಗೆ ಹಿಡಿದು ಬಂದರು. ಆಮೇಲೆ ಡಾಂಬರು. ನಮ್ಮ ಕಡೆಯ ಚೈತ್ರ ವೈಶಾಖದ ಬಿಸಿಲನ್ನು ಕಂಡವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಹೋದ ಸಲ ಎತ್ತಿನ ಕೋಡಿಗೆ ಹಚ್ಚುವ ಹುರಮಂಜು ಹಚ್ಚಿಸಿದ್ದ, ಅದೂ ನಿಲ್ಲಲಿಲ್ಲ. ಅದರ ಸಿಟ್ಟೇ ಅವತ್ತು ನನ್ನ ವಿದ್ಯೆಯ ಮೇಲೆ ಬಿದ್ದದ್ದು.

ಅವ್ವ ಮಾವನಿಗೆ ಅಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದಳು: "ತಮ್ಮಾ, ಕಬ್ಬಿಣಕ್ಕ ಬಣ್ಣ ನಿಂತ್ರ?"

"ನಿಲ್ಲಂಗಿಲ್ಲ ಬೇ ಅಕ್ಕಾ."

"ನಿಂತ್ರ ಅಂತ ಕೇಳಾಕತ್ತೀನಿ."

ದಾರಿಯಲ್ಲಿ ಜನ ನಿಂತಿದ್ದರು. ಮಾವನಿಗೆ ಹಿಂದೆ ಸರಿಯಲು ಜಾಗವಿರಲಿಲ್ಲ. "ನಿಂತ್ರ ನಾ ಜಾಮೀನ ಕೊಡ್ತೀನಿ. ಇಂವನ ಹಚ್ಚಲಿ. ಆದ್ರ ದಸರಾತನ ಇರಬೇಕು. ಬಟ್ಟಿಗೆ ಹತ್ತಬಾರದು, ಉಗುರಿಗೆ ಬರಬಾರದು, ಒಳಗ ತುಕ್ಕು ಕಾಣಬಾರದು."

ದಸರೆಯವರೆಗೆ ಎಂದರೆ ಆ ವರ್ಷದ ಕಾಲೇಜು ತಪ್ಪಿದಂತೆಯೇ. ಆದರೆ ಮುಂದಿನ ವರ್ಷವಾದರೂ ಸಿಗುತ್ತದೆ. ಒಪ್ಪಿಕೊಂಡೆ.

ಬಣ್ಣ ತರಲು ಸಿಂಧನೂರಿನ ಸಂತೆಗೆ ಹೋದೆ. ಆಗ ಸಿಂಧನೂರಿಗೆ ಕಾಲುವೆಯೂ ಇಲ್ಲ, ಭತ್ತವೂ ಇಲ್ಲ. ಜೋಳ, ಹತ್ತಿ, ಧೂಳು. ಅಂಗಡಿಯವನು ಹಸಿರು ಪುಡಿಯ ಪೊಟ್ಟಣ ಕೊಟ್ಟು, "ಎಣ್ಯಾಗ ಕಲಸಿ ಹಚ್ಚಪ್ಪಾ, ಪಕ್ಕಾ ನಿಲ್ತೈತಿ" ಎಂದ. ಯಾವ ಎಣ್ಣೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೆಟ್ರಿಕ್ ಪಾಸಾದವನು ಅಂಗಡಿಯವನನ್ನು ಅಷ್ಟೆಲ್ಲ ಕೇಳುವುದುಂಟೇ?

ಯಾವ ಎಣ್ಣೆ ಎಂಬ ಮಾತು ಮನೆಯಲ್ಲಿ ಎದ್ದಾಗ ಅಪರೂಪಕ್ಕೆ ಎಲ್ಲರದೂ ಒಂದೇ ಅಭಿಪ್ರಾಯವಾಯಿತು. ನಾವು ಬಂಡಿಯ ಜನ. ನಮಗೆ ಕಬ್ಬಿಣ ಎಂದರೆ ಬಂಡಿಯ ಅಚ್ಚು, ಎಣ್ಣೆ ಎಂದರೆ ಅಚ್ಚಿಗೆ ಹಾಕುವ ಔಡಲ ಎಣ್ಣೆ, ಅಂದರೆ ಹರಳೆಣ್ಣೆ. ಅಪ್ಪ ಹೇಳಿದ, "ಔಡಲ ಎಣ್ಣಿಯಂಥಾದ್ದು ಇನ್ನೊಂದಿಲ್ಲ. ತುಕ್ಕನ್ನ ಅಚ್ಚಿನ ಹತ್ರ ಬಿಡಂಗಿಲ್ಲ." ಎದುರಾಳಿಯಾದ ಮಾವ ಕೂಡ ಬೀಡಿ ಕೆಳಗಿಟ್ಟು ಸಾಕ್ಷಿ ಹೇಳಿದ: "ಅದು ಖರೆ. ಲಿಂಗಸುಗೂರಿಗೆ ಹೋಗಿ ಬಂದ್ರೂ ಒಣಗಂಗಿಲ್ಲ ನೋಡು!"

ಒಣಗುವುದಿಲ್ಲ. ಈ ಮಾತನ್ನು ನಾವೆಲ್ಲರೂ ಕೇಳಿದೆವು, ತಲೆದೂಗಿದೆವು. ಅಲ್ಲೇ ಇದೆ ಗುಂಡಿ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಹಸಿರು ಪುಡಿಯನ್ನು ಔಡಲ ಎಣ್ಣೆಯಲ್ಲಿ ಕಲಸಿ, ತುಕ್ಕಿನ ಮೇಲೆಯೇ ದಪ್ಪಗೆ ಬಳಿದೆ. ಗಿಳಿಯ ಬಣ್ಣ ಬಂತು. ಮರುದಿನ ಮುಟ್ಟಿದೆ, ಹಸಿ. ವಾರ ಕಳೆದು ಮುಟ್ಟಿದೆ, ಹಸಿ. ಮಾವ ನೆರೆಯವರಿಗೆಲ್ಲ, "ಹೆಂಗ ಹೊಳಿಯಾಕತ್ತೈತಿ, ನಿನ್ನೆ ಹಚ್ಚಿದಂಗ ಐತಿ" ಎಂದು ಹೇಳಿಕೊಂಡು ತಿರುಗಿದ. ಅವನಿಗೂ ಒಳಗೊಳಗೇ ಫಾಟಕ ಚೆನ್ನಾಗಿ ಕಾಣಲಿ ಎಂಬ ಆಸೆ, ಪಾಪ. ಅಷ್ಟರಲ್ಲಿ ಕಡೆಯ ಹತ್ತಿಯ ಬಂಡಿಗಳು ನಮ್ಮ ಓಣಿಯಿಂದ ಹೋಗತೊಡಗಿದವು. ಗಾಳಿಗೆ ಹಾರಿದ ಅರಳೆಯೆಲ್ಲ ಫಾಟಕಕ್ಕೆ ಮೆತ್ತಿಕೊಂಡಿತು. ಅದರ ಮೇಲೆ ಹೊಟ್ಟು, ಅದರ ಮೇಲೆ ಕೋಳಿಯ ಪುಕ್ಕ. ಕೆಲವೇ ದಿನಗಳಲ್ಲಿ ಫಾಟಕಕ್ಕೆ ಕುರಿಯಂತೆ ಮೈತುಂಬ ಉಣ್ಣೆ ಬಂತು. "ಯಾವಾಗ ಕತ್ತರಿಸ್ತೀರಿ? ಕಂಬಳಿ ನೇಯಿಸ್ಬೇಕಾಗೈತಿ" ಎಂದು ಓಣಿಯವರು ಕೇಳತೊಡಗಿದರು.

ಅದೇ ಹೊತ್ತಿಗೆ ಕಂದಾಯದ ಗಿರದಾವರ ಸಾಹೇಬರು ಬಂದರು. ಮಾವ ಅವರನ್ನು ಕಂಡಿಯಿಂದ ಬಿಡುವವನೇ? ಫಾಟಕದಿಂದಲೇ ಕರೆದ. ಕದ ಬಿಗಿಯಾಗಿತ್ತು, ಸಾಹೇಬರು ಭುಜ ಕೊಟ್ಟು ನೂಕಿದರು. ಒಳಗೆ ಬಂದಾಗ ಅವರ ಕರಿಯ ಶೇರವಾನಿಯ ಮೇಲೆ ಉದ್ದುದ್ದ ಹಸಿರು ಪಟ್ಟಿಗಳು, ಪಟ್ಟಿಗಳ ತುಂಬ ಅರಳೆ.

"ಅರೇ, ಯೇ ಕ್ಯಾ ಹೈ?"

"ರಂಗ್ ಹೈ ಹುಜೂರ್. ನಯಾ ರಂಗ್."

"ಕಬ್ ಲಗಾಯಾ?"

ಯಾವಾಗ ಹಚ್ಚಿದ್ದು ಎಂದು ಕೇಳಿದ್ದಕ್ಕೆ ಮಾವ ಎದೆಯುಬ್ಬಿಸಿದ. "ಬಹುತ್ ದಿನ್ ಹುವೇ ಹುಜೂರ್."

"ತೋ ಸೂಖಾ ಕ್ಯೋಂ ನಹೀಂ?"

ಇಷ್ಟು ದಿನವಾದರೂ ಒಣಗಿಲ್ಲವೇಕೆ ಎಂದರೆ ಏನು ಹೇಳಬೇಕು? ಮಾವ ಕೈಮುಗಿದು, "ಪಕ್ಕಾ ಮಾಲ್ ಹೈ ಹುಜೂರ್, ಜಲ್ದೀ ನಹೀಂ ಸೂಖ್ತಾ" ಎಂದುಬಿಟ್ಟ, ಗಟ್ಟಿ ಮಾಲು ಬೇಗ ಒಣಗುವುದಿಲ್ಲವಂತೆ. ಸಾಹೇಬರು ಒಂದು ಗಳಿಗೆ ಅವನನ್ನೇ ನೋಡಿ ನಕ್ಕುಬಿಟ್ಟರು. ಹೋಗುವಾಗ ತಾವಾಗಿಯೇ ಎಮ್ಮೆಯ ಕಂಡಿಯಿಂದ ಹೋದರು. ಮಾವನಿಗೆ ಚುಚ್ಚಿದ್ದು ಅದು. ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಅವತ್ತು ಅವನು ನನ್ನನ್ನು ಬೈಯಲಿಲ್ಲ. "ಅಳಿಯಾ, ನಾಳಿಂದ ಬಂಡಿ ಹೂಡು" ಎಂದ, ಅಷ್ಟೇ. ನನ್ನ ಕಾಲೇಜು ಆ ಅರಳೆಯಲ್ಲಿ ಮುಚ್ಚಿಹೋಯಿತು ಎಂದುಕೊಂಡೆ. ಅವ್ವ ಮಾತ್ರ, "ದಸರಾ ಇನ್ನಾ ಬಂದಿಲ್ಲ. ಮಾತಂದ್ರ ಮಾತು" ಎಂದು ತಮ್ಮನಿಗೆ ನೆನಪು ಮಾಡಿಕೊಟ್ಟಳು.

ಕಾರಹುಣ್ಣಿಮೆ ಬಂತು. ಅಪ್ಪ ಎತ್ತುಗಳ ಮೈ ತೊಳೆದು, ಕುಡುಗೋಲಿನ ಬಾಯಿಯಿಂದ ಕೋಡು ಹೆರೆಯುತ್ತ ಕುಳಿತಿದ್ದ. ಹುಟ್ಟಿದಾಗಿನಿಂದ ನೋಡಿದ ಕೆಲಸ. ಬಂಡಿ ಹೂಡುವ ಬೇಸರದಲ್ಲಿದ್ದ ನಾನು, "ಹೆಂಗೂ ಬಣ್ಣ ಹಚ್ಚೂದಲ್ಲ, ಹೆರಿಯೂದ್ಯಾಕ?" ಎಂದೆ.

"ಹೆರಿಲಾರದ ಹಚ್ಚಿದ್ರ ಬಣ್ಣ ಕೋಡಿಗೆ ಎಲ್ಲಿ ಹಿಡಿತೈತಿ? ಹೊಲಸಿಗೆ ಹಿಡಿತೈತಿ. ಹೊಲಸು ಉದುರಿದ ದಿನ ಬಣ್ಣಾನೂ ಉದುರತೈತಿ," ಎಂದ ಅಪ್ಪ. ಹೇಳಿ ಕೈ ನಿಲ್ಲಿಸಿದ. ಇಬ್ಬರೂ ಒಟ್ಟಿಗೆ ಫಾಟಕದ ಕಡೆ ತಿರುಗಿದೆವು. ಪ್ರತಿ ವರ್ಷ ಎತ್ತಿನ ಕೋಡು ಹೆರೆಯುವ ನಾವು ಒಂದು ವರ್ಷವೂ ಫಾಟಕದ ತುಕ್ಕು ಹೆರೆದಿರಲಿಲ್ಲ. ಸುಣ್ಣ, ಕೆಮ್ಮಣ್ಣು, ಡಾಂಬರು, ಹುರಮಂಜು, ಹಸಿರು, ಎಲ್ಲ ಒಂದರ ಮೇಲೊಂದು ತುಕ್ಕಿಗೇ ಹಚ್ಚಿದ್ದು.

ಅದೇ ಹಬ್ಬದ ದಿನ ಹಿತ್ತಲಲ್ಲಿ ಅವ್ವ ಅಗಸಿ ಎಣ್ಣೆಯ ಗಡಿಗೆ ತಿಕ್ಕುತ್ತ ಬೈಯುತ್ತಿದ್ದಳು. "ಈ ಸುಡುಗಾಡ ಅಗಸಿ ಎಣ್ಣಿ ಒಮ್ಮೆ ಒಣಗಿತಂದ್ರ ಬೂದಿಗೂ ಬಗ್ಗಂಗಿಲ್ಲ, ಹುಣಸಿಹಣ್ಣಿಗೂ ಬಗ್ಗಂಗಿಲ್ಲ. ನನ್ನ ಉಗುರು ಹೋದ್ವು." ಗಡಿಗೆಯ ಬಾಯಿಯ ಸುತ್ತ, ಎಣ್ಣೆ ಸೋರಿದ ಕಡೆಯೆಲ್ಲ, ಕಂದುಬಣ್ಣದ ಪೊರೆ ಗಾಜಿನಂತೆ ಗಟ್ಟಿಯಾಗಿತ್ತು. ನಾನು ಉಗುರು ಹಾಕಿದೆ, ಬರಲಿಲ್ಲ. ಅವ್ವನ ಸೆರಗಿನಿಂದ ಉಜ್ಜಿದೆ, ಹತ್ತಲಿಲ್ಲ. ಮಾವನ ಕರಾರು ಪೂರ್ತಿ ಅವ್ವನ ಗಡಿಗೆಯ ಬಾಯಿಯಲ್ಲಿ ಬರೆದಿಟ್ಟಿತ್ತು. "ಅವ್ವಾ, ತಿಕ್ಕಬ್ಯಾಡ, ಬಿಡು!" ಎಂದು ಕೂಗಿದೆ. "ಯಾಕಲೇ, ನೀ ತಿಕ್ತೀಯೇನು?" ಎಂದಳು.

ಇನ್ನು ಬಣ್ಣದ ಪುಡಿ. ಬಿಸಿಲು ಮಳೆಯಲ್ಲಿ ಬಯಲಲ್ಲೇ ನಿಂತು, ಬಣ್ಣ ಬಿಡದೆ ಇದ್ದವರು ನಮ್ಮೂರಿನಲ್ಲಿ ಒಬ್ಬರೇ: ಹೊಲದ ದಾರಿಯ ಹನುಮಪ್ಪ. ಅವನಿಗೆ ಗುಡಿಯಿಲ್ಲ, ನೆರಳಿಲ್ಲ, ಮೈತುಂಬ ಸಿಂಧೂರ. ದೇವರಿಗೆ ನಿಂತದ್ದು ಮಾವನ ಫಾಟಕಕ್ಕೆ ನಿಲ್ಲಬಾರದೇಕೆ? ಸಿಂಧನೂರಿಗೆ ಮತ್ತೆ ಹೋಗಿ ಸಿಂಧೂರ ತಂದೆ. ಪೂಜೆಯ ಸಾಮಾನಿನ ಅಂಗಡಿಯವನು ನಾನು ಕೇಳಿದಷ್ಟನ್ನು ಕಟ್ಟಿಕೊಡುತ್ತ, "ಎಷ್ಟ ದೊಡ್ಡ ಹನುಮಪ್ಪಪ್ಪಾ ನಿಮ್ಮೂರಾಗ?" ಎಂದು ಕೇಳಿದ. "ಎರಡು ಕದದಾಂವ" ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಕಾರಹುಣ್ಣಿಮೆಯ ಮಳೆ ಒಂದು ಬಿದ್ದು ಮೋಡ ಓಡಿಹೋಗಿತ್ತು. ಮೊದಲು ಔಡಲ ಎಣ್ಣೆಯ ಜಿಡ್ಡು ಹೋಗಬೇಕಲ್ಲ. ಅವ್ವ ಸೀಗೆಕಾಯಿ ಪುಡಿ, ಬಿಸಿನೀರು ತಂದಳು. ಇಬ್ಬರೂ ಸೇರಿ ಫಾಟಕಕ್ಕೆ ಎರೆದೆವು. "ಬಾಣಂತಿಗೂ ಹಿಂಗ ಎರಿಯಂಗಿಲ್ಲ ಬಿಡ್ರಿ" ಎಂದು ಬಾಜೂಮನೆಯ ಅಜ್ಜಿ ಹೇಳಿದಳು. ಆಮೇಲೆ ಅಪ್ಪ ಕುಡುಗೋಲು ಹಿಡಿದ, ನಾನು ಮುರಿದ ಇಟ್ಟಿಗೆ ಹಿಡಿದೆ. ಸರಳು ಸರಳು ಹೆರೆದು ತಿಕ್ಕಿ, ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಬಿಡಲಿಲ್ಲ. ನನ್ನ ಬಾಯಲ್ಲಿ ತುಕ್ಕಿನ ರುಚಿ ಎಷ್ಟೋ ದಿನ ಉಳಿದಿತ್ತು. ಮಾವ ದೂರದಿಂದ ನೋಡುತ್ತ, "ಸವಸಿ ಸವಸಿ ಫಾಟಕಾನ ಮುಗಿಸ್ರಿ. ಬಣ್ಣದ ತಂಟೇನ ಬ್ಯಾಡ" ಎಂದ. ಅಂಗಳದ ಮೂರು ಕಲ್ಲಿನ ಒಲೆಯ ಮೇಲೆ ಅಗಸಿ ಎಣ್ಣೆ ಕುದಿಸಿ, ಆರಿಸಿ, ಸಿಂಧೂರ ಕಲಸಿ, ತೆಳ್ಳಗೆ ಹಚ್ಚಿದೆ. ದಪ್ಪ ಹಚ್ಚಿ ಒಮ್ಮೆ ಕೆಟ್ಟಿದ್ದೆನಲ್ಲ.

ಒಣಗಿತು! ಬಿಸಿಲು ಕಂಡಂತೆ ಬಿಗಿಯಿತು. ನಾನು ಕುಣಿಯುವಷ್ಟರಲ್ಲಿ ಹೊಸ ತೊಡಕು ಬಂತು.

ಬೆಳಗ್ಗೆ ಹೊಲಕ್ಕೆ ಹೊರಟ ಹೆಂಗಸೊಬ್ಬಳು ಫಾಟಕದ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದು ಹೋದಳು. ಅವಳ ಹಿಂದಿನವಳು ನೋಡಿದಳು, ಅವಳೂ ಮುಗಿದಳು. ನಮ್ಮ ಕಡೆ ಆ ಬಣ್ಣ ಕಂಡಲ್ಲಿ ಕೈ ತಾನಾಗಿ ಎದೆಗೆ ಬರುತ್ತದೆ, ಒಳಗೆ ಯಾರಿದ್ದಾರೆ ಎಂದು ಕೇಳುವ ಪದ್ಧತಿಯಿಲ್ಲ. ಮಾವನಿಗೆ ಮೊದಲು ಖುಷಿಯೇ ಆಯಿತು. ಜಗಲಿಯ ಮೇಲೆ ಕುಳಿತು, ಕೈಮುಗಿದವರಿಗೆಲ್ಲ ತಾನೂ ತಲೆದೂಗುತ್ತಿದ್ದ. ಶನಿವಾರ ಬಂತು ನೋಡಿ, ಯಾರೋ ಕಾಯಿ ಒಡೆದರು. ಯಾರೋ ಎಕ್ಕೆಯ ಹಾರ ಮೊನೆಗಳಿಗೆ ಸಿಕ್ಕಿಸಿದರು. ಬಾಜೂಮನೆಯ ಅಜ್ಜಿ ಎಣ್ಣೆಯ ಬಟ್ಟಲು ಹಿಡಿದು ಬಂದಾಗ ನಾನು ಅಡ್ಡ ನಿಂತೆ. "ಅಜ್ಜೀ, ಯಾವ ಎಣ್ಣಿ ಅದು?"

"ಶೇಂಗಾದ್ದೋ. ಯಾಕ, ದೇವರಿಗೆ ನಡ್ಯಂಗಿಲ್ಲೇನು?"

"ದೇವರಿಗೆ ನಡಿತೈತಿ. ಫಾಟಕಕ್ಕ ನಡ್ಯಂಗಿಲ್ಲ. ಒಣಗಂಗಿಲ್ಲ ಅದು."

ಮಾವ ಚಪ್ಪಲಿ ಹಾಕಿಕೊಂಡು ತನ್ನ ಫಾಟಕ ದಾಟಲು ಹೋದಾಗ ಅದೇ ಅಜ್ಜಿ ಓಣಿಗೆಲ್ಲ ಕೇಳುವಂತೆ, "ಮೆಟ್ಟ ಬಿಡಲೇ ಮಂಗ್ಯಾ!" ಎಂದು ಗದರಿದಳು. ಅಂದಿನಿಂದ ಮಾವನೂ ಕಂಡಿಯಿಂದಲೇ ಓಡಾಡತೊಡಗಿದ. ಹೆಚ್ಚು ದಿನ ತಾಳಲಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ, "ಅಳಿಯಾ, ಅದರ ಮ್ಯಾಲ ಬ್ಯಾರೆ ಯಾವುದಾರ ಬಣ್ಣ ಹಚ್ಚೋ. ನನ್ನ ಮನ್ಯಾಗ ನನಗ ದಾರಿ ಇಲ್ದಂಗಾಗೈತಿ" ಎಂದ.

ದೀಪದ ಮಸಿಯನ್ನು ಕೂಡಿಸಿ, ಅದೇ ಅಗಸಿ ಎಣ್ಣೆಯಲ್ಲಿ ಅರೆದು, ಸಿಂಧೂರದ ಮೇಲೆ ಕಪ್ಪು ಹಚ್ಚಿದೆ. ಪೂಜೆ ನಿಂತಿತು. ಅಜ್ಜಿ ಮಾತ್ರ, "ಹನುಮಪ್ಪಗ ಮಸಿ ಬಳದ್ಯಲ್ಲೋ, ನಿನಗ ವಿದ್ಯಾ ಹತ್ತೀತೇನು?" ಎಂದು ಶಾಪ ಹಾಕಿದಳು. ಹೀಗೆ ಆಗದು ಎಂದವರು ಇಬ್ಬರಾದರು.

ಆ ವರ್ಷ ಮಳೆ ಕೈಬಿಡಲಿಲ್ಲ. ಮಳೆ ನಿಂತೊಡನೆ ಮಾವ ಫಾಟಕದ ಹತ್ತಿರ ಹೋಗಿ, ಸರಳಿಗೆ ಮೂಗು ಹಚ್ಚಿ ನೋಡುತ್ತಿದ್ದ. ಒಂದು ಸಲ ಕಳ್ಳನಂತೆ ಅತ್ತಿತ್ತ ನೋಡಿ ಉಗುರು ಹಾಕಿದ. ಅವ್ವ ಒಳಗಿನಿಂದಲೇ ಕೂಗಿದಳು: "ತಮ್ಮಾ, ಕೈ!" ಅವನು ಬೆನ್ನು ತುರಿಸಿಕೊಂಡವನಂತೆ ಮಾಡಿ ಹೋದ.

ದಸರೆಯ ದಿನ ಬನ್ನಿ ಕೊಡಲು ಬಂದವರೆಲ್ಲ ಫಾಟಕದ ಮುಂದೆಯೇ ನಿಂತರು. ಮಾವ ಹೊಸ ಬಿಳಿ ದೋತ್ರದ ತುದಿಯನ್ನು ನೀರಲ್ಲಿ ಅದ್ದಿ ಸರಳಿಗೆ ಉಜ್ಜಿದ. ಬಿಳಿ ಬಿಳಿಯಾಗಿಯೇ ಉಳಿಯಿತು. ಉಗುರು ಹಾಕಿದ, ಉಗುರೇ ಮುರಿಯಿತು. ಕಡೆಗೆ ಅಪ್ಪನ ಕೈಯಿಂದ ಕುಡುಗೋಲು ಇಸಿದುಕೊಂಡು, ಹಿಂದಿನ ಮಗ್ಗುಲಲ್ಲಿ ಚೂರು ಕೆರೆದ. ಕಪ್ಪಿನ ಕೆಳಗೆ ಸಿಂಧೂರ, ಸಿಂಧೂರದ ಕೆಳಗೆ ಬೆಳ್ಳನೆಯ ಕಬ್ಬಿಣ. ತುಕ್ಕಿಲ್ಲ. ಅವನು ಕುಡುಗೋಲನ್ನು ಅಪ್ಪನ ಕೈಗೆ ಮರಳಿ ಕೊಟ್ಟ.

"ಕಾಗದ ಎಲ್ಲೈತಿ?" ಎಂದ.

ಜಾಮೀನಿನ ಕಾಗದ ಬೇಸಿಗೆಯಿಂದ ನನ್ನ ಪೆಟ್ಟಿಗೆಯಲ್ಲೇ ಇತ್ತು. ಮಾವನಿಗೆ ಸಹಿ ಬಾರದು, ಹೆಬ್ಬೆಟ್ಟು. ಹಬ್ಬದ ದಿನ ಮನೆಯಲ್ಲಿ ಶಾಯಿಯಿಲ್ಲ. "ಆ ಬಣ್ಣಾನ ತಾ" ಎಂದ. ಉಳಿದಿದ್ದ ಕಪ್ಪು ಬಣ್ಣಕ್ಕೆ ಹೆಬ್ಬೆರಳು ಒತ್ತಿ ಕಾಗದದ ಮೇಲೆ ಊರಿದ. ಗುರುತು ಗಟ್ಟಿಯಾಗಿಯೇ ಬಿತ್ತು. ಬೆರಳಿನ ಕಪ್ಪು ಮಾತ್ರ ಸೀಗೆಕಾಯಿಗೂ ಹೋಗಲಿಲ್ಲ, ದೀಪಾವಳಿಯವರೆಗೂ ಉಳಿಯಿತು. ಅದನ್ನು ಅವನು ಮುಚ್ಚಿಡಲಿಲ್ಲ, ಕಂಡಕಂಡವರಿಗೆ ಬೆರಳೆತ್ತಿ ತೋರಿಸಿದ: "ನಮ್ಮ ಅಳಿಯ ಹಚ್ಚಿದ್ದು. ಹೋಗಂಗಿಲ್ಲ ಬಿಡು."

ಹೈದರಾಬಾದಿನ ವರ್ಷಗಳ ಕಷ್ಟವನ್ನು ಇಲ್ಲಿ ಹೇಳುವುದಿಲ್ಲ, ಕಷ್ಟಪಟ್ಟು ಓದಿದವರಿಗೆಲ್ಲ ಅದು ಗೊತ್ತು. ಒಂದು ಸಂಗತಿ ಸಾಕು. ನಡುವೆ ಒಂದು ವರ್ಷ ಇಂಗ್ಲಿಷಿನಲ್ಲಿ ನಾಪಾಸಾಗಿ ತಲೆ ತಗ್ಗಿಸಿಕೊಂಡು ಊರಿಗೆ ಬಂದೆ. ಮಾವ ನನ್ನನ್ನು ಫಾಟಕದ ಬಿಜಾಗರಿಯ ಹತ್ತಿರ ಕರೆದುಕೊಂಡು ಹೋದ. ಕದ ತಿರುಗುವಲ್ಲಿ ಸವೆದು ಸ್ವಲ್ಪ ತುಕ್ಕು ಕಂಡಿತ್ತು. ಇನ್ನು ಹಳೆಯ ಮಾತು ಬರುತ್ತದೆ ಎಂದು ಕಿವಿ ಬಿಗಿಹಿಡಿದೆ. "ಇಷ್ಟ ಜಾಗಾ ಹೆರದು ಹಚ್ಚಿದ್ರ ಸಾಕಲ್ಲ? ಪೂರಾ ತಿಕ್ಕೂದು ಬ್ಯಾಡಲ್ಲ?" ಎಂದು ಕೇಳಿದ. ಸಾಕು ಎಂದೆ. ಅಷ್ಟು ಜಾಗ ಹೆರೆದು ಹಚ್ಚಿದೆ, ಹೋಗಿ ಇಂಗ್ಲಿಷಿಗೆ ಮತ್ತೆ ಕುಳಿತೆ, ಪಾಸಾದೆ.

ಪದವಿ ಕೊಡುವ ದಿನ ಅಪ್ಪ ಅವ್ವನಿಗೆ ಅಷ್ಟು ದೂರ ಬರಲಾಗಲಿಲ್ಲ. ಮಾವ ಬಂದ. ದೊಡ್ಡ ರುಮಾಲು, ಹೊಸ ದೋತ್ರ. ಸಭೆಯ ಆವರಣದ ಮುಂದೆ ಅವನ ಫಾಟಕಕ್ಕಿಂತ ಎರಡು ಪಟ್ಟು ಎತ್ತರದ ಕಬ್ಬಿಣದ ಫಾಟಕವಿತ್ತು. ಕಾವಲುಗಾರ ನೋಡನೋಡುತ್ತಿರುವಾಗಲೇ ಮಾವ ಹೋಗಿ ಅದಕ್ಕೆ ಉಗುರು ಹಾಕಿದ. ಒಂದು ಚಕ್ಕೆ ಎದ್ದು ಬಂತು. ನನ್ನ ಕಿವಿಯಲ್ಲಿ, ಅಂದರೆ ಸುತ್ತಲಿನವರಿಗೆಲ್ಲ ಕೇಳುವಂತೆ, "ತಿಕ್ಕಲಾರದ ಹಚ್ಯಾರ" ಎಂದ.

ನನ್ನ ಹೆಸರು ಕರೆದರು. ಹೋದೆ, ಬಗ್ಗಿದೆ, ಪದವಿಯ ಸನದು ನನ್ನ ಕೈಗೆ ಬಂತು. ಹೊರಗೆ ಬಂದು ಅದನ್ನು ಮಾವನ ಕೈಗೆ ಕೊಟ್ಟೆ. ಅವನಿಗೆ ಓದಲು ಬಾರದು. ಎರಡೂ ಕೈಯಲ್ಲಿ ಹಿಡಿದು, ಬಿಸಿಲಿಗೆ ಎತ್ತಿ ನೋಡಿದ. ದೋತ್ರಕ್ಕೆ ಬೆರಳು ಒರೆಸಿಕೊಂಡು, ನನ್ನ ಹೆಸರು ಎಲ್ಲಿದೆ ಎಂದು ಕೇಳಿದ. ತೋರಿಸಿದೆ. ಅದರ ಮೇಲೆ ಉಗುರಿನ ತುದಿಯನ್ನು ಮೆಲ್ಲಗೆ, ಬಹಳ ಮೆಲ್ಲಗೆ ಆಡಿಸಿದ. ಮಸಿ ಅಲುಗಲಿಲ್ಲ.

"ನಿಂತೈತಿ," ಎಂದ. ಆಮೇಲೆ ರುಮಾಲಿನ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಊರಿಗೆ ಹೋದ ಕೂಡ್ಲೆ ಇದಕ್ಕೂ ಒಂದ್ ಕೈ ಅಗಸಿ ಎಣ್ಣಿ ಹಚ್ಚಿಬಿಡು, ಅಳಿಯಾ. ಮಳಿಗಾಲ ಬಂತು" ಎಂದ.